ಮಾವನ ಬಲಗಣ್ಣು ಮತ್ತು ತಪ್ಪಿದ ಸೂಜಿಗಳು

ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ನನ್ನ ಸೋದರಮಾವ ಮೂವತ್ತು ವರ್ಷ ಕೂತಿದ್ದರು. ಕುಂದಾಪುರದ ಕಡೆಯ ಹಳ್ಳಿಯಿಂದ ಹದಿಮೂರನೇ ವಯಸ್ಸಿಗೆ ಮುಂಬೈಗೆ ಬಂದವರು. ಹಗಲು ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕೂತು ಓದಿ, ಮ್ಯಾಟ್ರಿಕ್ ಮುಗಿಸಿದ ಆ ತಲೆಮಾರಿನ ಒಬ್ಬರು. ನೋಟಿನ ಕಟ್ಟನ್ನು ಹೆಬ್ಬೆರಳಲ್ಲಿ ಸರ್ರನೆ ಸರಿಸಿ, ಗಿರಾಕಿಯ ಜೊತೆ ಮಾತಾಡುತ್ತಲೇ ಲೆಕ್ಕ ಹೇಳುತ್ತಿದ್ದರು. ನಾನು ಸಿಎ ಮಾಡಲು ಮುಂಬೈಗೆ ಬಂದಾಗ ಮೊದಲ ಎರಡು ವರ್ಷ ಇದ್ದದ್ದು ಅವರ ಡೊಂಬಿವಲಿಯ ಮನೆಯಲ್ಲೇ. 'ಲೆಕ್ಕ ಕಲಿಯಲಿಕ್ಕೆ ಪುಸ್ತಕ ಬೇಕಾ ಮಾರಾಯ, ನಾಲ್ಕು ದಿನ ನನ್ನ ಪಕ್ಕ ಕೂತುಕೋ' ಎಂದು ನಗುತ್ತಿದ್ದರು.

2019ರ ದೀಪಾವಳಿಯ ಹೊತ್ತಿಗೆ ಅದೇ ಮಾವ ಒಬ್ಬ ಗಿರಾಕಿಗೆ ಚಿಲ್ಲರೆ ಕೊಡುವಾಗ ನೂರರ ಬದಲು ಐನೂರರ ನೋಟು ಕೊಟ್ಟುಬಿಟ್ಟರು. ಗಿರಾಕಿ ಒಳ್ಳೆಯವನು, ವಾಪಸ್ ಕೊಟ್ಟ. ಮಾವ ಅದನ್ನು ಮನೆಯಲ್ಲಿ ಹೇಳಲಿಲ್ಲ. ಒಂದು ಭಾನುವಾರ ನಾನು ಹೋದಾಗ ಪೇಪರನ್ನು ಕಣ್ಣಿಗೆ ಹತ್ತಿರ ತಂದು, ದೂರ ಹಿಡಿದು, ಕೊನೆಗೆ ಮಡಚಿಟ್ಟು ಹೇಳಿದರು:

'ಎಂತ ಗೊತ್ತುಂಟಾ, ಅಕ್ಷರದ ಸಾಲು ನಡುವಿನಲ್ಲಿ ಸೊಟ್ಟ ಕಾಣುತ್ತದೆ. ಚಾಳೇಶ ಎರಡು ಸರ್ತಿ ಬದಲಿಸಿದೆ. ಪೊರೆ ಬಂದಿರಬೇಕು.'

ಪೊರೆ ಬಂದಿರಲಿಲ್ಲ. ಪೊರೆಯಾಗಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ಆಮೇಲೆ ನಮಗೆ ಅರ್ಥವಾಯಿತು.

ನಮ್ಮ ಕಡೆಯವರಿಗೆ ಕಣ್ಣಿನ ಕಾಯಿಲೆ ಎಂದರೆ ಪೊರೆ, ಕಣ್ಣಿನ ಚಿಕಿತ್ಸೆ ಎಂದರೆ ಆಪರೇಷನ್. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಸಾಲು ಸಾಲಾಗಿ ಜನರ ಪೊರೆ ತೆಗೆದ ಕಥೆ ಕೇಳಿ ಬೆಳೆದವರು ನಾವು. ಅಲ್ಲಿ ಒಂದು ದಿನದ ಕೆಲಸ, ಕಟ್ಟು ಬಿಚ್ಚಿದರೆ ಬೆಳಕು. ಹಾಗೆ ಒಂದೇ ಸಲಕ್ಕೆ ಮುಗಿಯದ, ತಿಂಗಳು ತಿಂಗಳು ಕಂತು ಕಟ್ಟಿದಂತೆ ಮಾಡಿಸಬೇಕಾದ ಕಣ್ಣಿನ ಚಿಕಿತ್ಸೆಯೂ ಇದೆ ಎಂಬುದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ. ನಾನು ವೈದ್ಯನಲ್ಲ, ಲೆಕ್ಕಪರಿಶೋಧಕ. ಆದರೂ ಈ ವಿಷಯವನ್ನು ಬರೆಯಲೇಬೇಕು ಎನಿಸಿದ್ದು, ಈ ಅಂಕಣ ಓದುವ ನಮ್ಮಂಥ ಹೊರನಾಡಿನವರ ಮನೆಗಳಲ್ಲೆಲ್ಲ ಒಬ್ಬರಾದರೂ ಸಕ್ಕರೆ ಕಾಯಿಲೆಯವರು ಇದ್ದೇ ಇರುತ್ತಾರೆ ಎಂಬ ಕಾರಣಕ್ಕೆ.

ಗೋಡೆಗೆ ಇಳಿದ ನೀರು

ಕಣ್ಣಿನ ಪಾಪೆ ಹಿಗ್ಗಿಸುವ ಹನಿ ಬಿಟ್ಟು, ಅರ್ಧ ಗಂಟೆ ಕೂರಿಸಿ, ಆಮೇಲೆ ಒಸಿಟಿ ಎಂಬ ಯಂತ್ರದ ಮುಂದೆ ಗಲ್ಲ ಇಡಿಸಿದರು. ನೋವಿಲ್ಲ, ಸೂಜಿಯಿಲ್ಲ, ಎರಡೇ ನಿಮಿಷ. ರೆಟಿನಾ ತಜ್ಞರು ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಬೇಕರಿಯ ಪದರು ಪದರಾದ ಖಾರಿಯ ಅಡ್ಡ ಸೀಳಿದಂತಿದ್ದ ಚಿತ್ರ. ಎಡಗಣ್ಣಿನದರಲ್ಲಿ ನಡುವೆ ಸಣ್ಣ ತಗ್ಗು ಇತ್ತು, ಅದು ಇರಬೇಕಾದದ್ದೇ ಹಾಗೆ. ಬಲಗಣ್ಣಿನದರಲ್ಲಿ ತಗ್ಗಿನ ಜಾಗದಲ್ಲಿ ದಿಬ್ಬ ಎದ್ದಿತ್ತು, ಅದರೊಳಗೆ ಕಪ್ಪು ಕಪ್ಪು ಗುಳ್ಳೆಗಳು.

'ಇದು ನೀರು. ನಿಮ್ಮ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ' ಎಂದರು ಡಾಕ್ಟರು.

ಕ್ಯಾಮೆರಾದಲ್ಲಿ ಫಿಲಂ ಇದ್ದ ಹಾಗೆ ಕಣ್ಣಿನ ಹಿಂಗೋಡೆಯಲ್ಲಿ ರೆಟಿನಾ ಇರುತ್ತದೆ. ಅದರ ನಟ್ಟನಡುವಿನ ಚಿಕ್ಕ ಜಾಗ ಮ್ಯಾಕುಲಾ. ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿನವರ ಮುಖ ಗುರುತಿಸುವುದು ಎಲ್ಲ ಆ ಜಾಗದ ಕೆಲಸ. ರೆಟಿನಾಗೆ ರಕ್ತ ಕೊಡುವ ನಾಳಗಳು ಕೂದಲಿಗಿಂತ ತೆಳ್ಳಗಿನವು. ವರ್ಷಾನುಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಅವುಗಳ ಗೋಡೆ ಕೆಡುತ್ತದೆ. ಕೆಲವು ಮುಚ್ಚಿಹೋಗುತ್ತವೆ, ಕೆಲವು ಸೋರುತ್ತವೆ. ಮಳೆಗಾಲದಲ್ಲಿ ಮುಂಬೈಯ ಹಳೆಯ ಕಟ್ಟಡದಲ್ಲಿ ಮೇಲಿನ ಮನೆಯ ಪೈಪು ಒಡೆದರೆ ನಮ್ಮ ಗೋಡೆಯ ಬಣ್ಣ ಉಬ್ಬುವುದಿಲ್ಲವೇ, ಹಾಗೆಯೇ ಮ್ಯಾಕುಲಾ ಉಬ್ಬುತ್ತದೆ. ಅದಕ್ಕೇ ನೇರ ಸಾಲು ಸೊಟ್ಟ ಕಂಡದ್ದು.

ಇಷ್ಟೇ ಆಗಿದ್ದರೆ ಒಂದು ಮಾತು. ರಕ್ತ ಸಿಗದ ರೆಟಿನಾ ಸುಮ್ಮನೆ ಕೂರುವುದಿಲ್ಲ. 'ನನಗೆ ಆಮ್ಲಜನಕ ಸಾಲದು, ಹೊಸ ನಾಳ ಬೇಕು' ಎಂದು ಸಂದೇಶ ಕಳಿಸುತ್ತದೆ. ಆ ಸಂದೇಶದ ಹೆಸರು ವಿಇಜಿಎಫ್, ಒಂದು ಪ್ರೋಟೀನು. ಅದು ಹೆಚ್ಚಾದಷ್ಟೂ ಇದ್ದ ನಾಳಗಳು ಇನ್ನಷ್ಟು ಸೋರುತ್ತವೆ. ಜೊತೆಗೆ ಹೊಸ ನಾಳಗಳೂ ಹುಟ್ಟುತ್ತವೆ, ಆದರೆ ಅವು ಕಳಪೆ ಕಂಟ್ರಾಕ್ಟರ್ ಹಾಕಿದ ಪೈಪಿನಂಥವು, ಯಾವಾಗ ಬೇಕಾದರೂ ಒಡೆದು ಕಣ್ಣೊಳಗೆ ರಕ್ತ ಚೆಲ್ಲುತ್ತವೆ. ಸಕ್ಕರೆ ಕಾಯಿಲೆಯಲ್ಲಷ್ಟೇ ಅಲ್ಲ, ರಕ್ತದೊತ್ತಡದವರಲ್ಲಿ ರೆಟಿನಾದ ಸಿರೆ ಕಟ್ಟಿಕೊಂಡಾಗ, ವಯಸ್ಸಾದವರ ಮ್ಯಾಕುಲಾ ಸವೆತದ ಒಂದು ಬಗೆಯಲ್ಲಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಕಣ್ಣಲ್ಲಿ ಕೂಡ ಇದೇ ಪ್ರೋಟೀನಿನ ಉಪದ್ರವ.

ಔಷಧ ಮಾಡುವ ಕೆಲಸ ಆ ಪ್ರೋಟೀನನ್ನು ಹಿಡಿದು ಕಟ್ಟಿಹಾಕುವುದು. ಮಾತ್ರೆ ನುಂಗಿದರೆ ಅದು ಕಣ್ಣೊಳಗೆ ಸಾಕಷ್ಟು ತಲುಪುವುದಿಲ್ಲ. ಹನಿ ಬಿಟ್ಟರೆ ಹಿಂಗೋಡೆಯವರೆಗೆ ಹೋಗುವುದಿಲ್ಲ. ಹಾಗಾಗಿ ಸೂಜಿ, ನೇರವಾಗಿ ಕಣ್ಣೊಳಗೆ.

ಮಾವ ಕುರ್ಚಿಯಿಂದ ಎದ್ದೇಬಿಟ್ಟರು. 'ಕಣ್ಣಿಗೆ ಸೂಜಿ ಚುಚ್ಚುವುದಾ? ಬೇಡ ಮಾರಾಯ, ಇದ್ದಷ್ಟು ಸಾಕು. ನಡಿ ಮನೆಗೆ.'

ಒಂದು ಹನಿ ಔಷಧ

ಈ ಹೆದರಿಕೆ ಮಾವನದೊಂದೇ ಅಲ್ಲ, ಎಲ್ಲರದ್ದೂ. ಅದಕ್ಕೇ ನಡೆಯುವುದನ್ನು ನಡೆದ ಹಾಗೆ ಹೇಳುತ್ತೇನೆ.

ಆ ದಿನ ಉಪವಾಸ ಇರಬೇಕಾಗಿರಲಿಲ್ಲ. ಇಡ್ಲಿ ತಿಂದು, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡೇ ಹೋದೆವು. ಮರಗಟ್ಟಿಸುವ ಹನಿಯನ್ನು ಮೂರು ನಾಲ್ಕು ಸಲ ಬಿಟ್ಟರು. ಆಪರೇಷನ್ ಥಿಯೇಟರಿನಲ್ಲಿ ಕಣ್ಣಿನ ಸುತ್ತ, ರೆಪ್ಪೆಯ ಮೇಲೆ, ಕಣ್ಣೊಳಗೆ ಕೂಡ ಕಂದು ಬಣ್ಣದ ಅಯೋಡಿನ್ ದ್ರಾವಣ ಹಾಕಿ ಶುಚಿ ಮಾಡಿದರು. ಸೋಂಕು ತಡೆಯುವಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಅದೇ. ರೆಪ್ಪೆ ಮಿಟುಕದಂತೆ ಒಂದು ಕ್ಲಿಪ್ಪು. ಚುಚ್ಚುವುದು ಕರಿಗುಡ್ಡೆಗಲ್ಲ, ಅದರ ಅಂಚಿನಿಂದ ಮೂರೂವರೆ–ನಾಲ್ಕು ಮಿಲಿಮೀಟರ್ ಆಚೆ, ಬಿಳಿಯ ಭಾಗದಲ್ಲಿ. ಅಲ್ಲಿ ರೆಟಿನಾವೂ ಇಲ್ಲ, ಮಸೂರಕ್ಕೂ ತಾಗುವುದಿಲ್ಲ. ಸೂಜಿ ಇನ್ಸುಲಿನ್ ಸೂಜಿಯಷ್ಟೇ ತೆಳ್ಳಗಿನದು. ಔಷಧದ ಪ್ರಮಾಣ 0.05 ಎಂಎಲ್, ಅಂದರೆ ಒಂದೇ ಹನಿ. ಸೂಜಿ ಒಳಹೋಗಿ ಹೊರಬರಲು ಕೆಲವೇ ಸೆಕೆಂಡು. ಕೂಡಲೇ ಡಾಕ್ಟರು ಬೆರಳು ತೋರಿಸಿ 'ಎಷ್ಟು?' ಎಂದು ಕೇಳಿದರು. ಮಾವ ಸರಿಯಾಗಿ ಹೇಳಿದರು.

ಹೊರಗೆ ಬಂದ ಮೇಲೆ ಅವರ ಮೊದಲ ಮಾತು: 'ಇಷ್ಟೆಯಾ? ಇದಕ್ಕಿಂತ ಆ ಅಯೋಡಿನ್ ಉರಿಯೇ ಜೋರು.'

ಅಂದು ಸಂಜೆ ಕಣ್ಣಲ್ಲಿ ಮರಳು ಬಿದ್ದಂತೆ ಕಿರಿಕಿರಿ ಇತ್ತು. ಬಿಳಿಯ ಭಾಗದಲ್ಲಿ ಒಂದು ಕೆಂಪು ಕಲೆ ಎದ್ದಿತ್ತು, ಅದು ವಾರದಲ್ಲಿ ಹೋಯಿತು. ಗುಂಡಗಿನ ಸಣ್ಣ ಗುಳ್ಳೆಯೊಂದು ಕಣ್ಣ ಮುಂದೆ ತೇಲಿದಂತೆ ಕಂಡಿತು, ಮರುದಿನ ಮಾಯ. ಇವೆಲ್ಲ ಸಾಮಾನ್ಯ. ಅಸಾಮಾನ್ಯವಾದದ್ದನ್ನೂ ಡಾಕ್ಟರು ಬರೆದುಕೊಟ್ಟಿದ್ದರು: ಎರಡು ಮೂರು ದಿನಗಳಲ್ಲಿ ನೋವು ಹೆಚ್ಚುತ್ತಾ ಹೋದರೆ, ಕೆಂಪು ಹೆಚ್ಚಾದರೆ, ದೃಷ್ಟಿ ಮಸುಕಾದರೆ, ರಾತ್ರಿಯಾದರೂ ಫೋನು ಮಾಡಿ ಬರಬೇಕು. ಕಣ್ಣೊಳಗೆ ಸೋಂಕಾಗುವ ಸಂಭವ ಬಹಳ ಕಡಿಮೆ, ಕೆಲವು ಸಾವಿರ ಸೂಜಿಗಳಲ್ಲಿ ಒಂದಕ್ಕೆ. ಆದರೆ ಆದಾಗ ಗಂಟೆಗಳ ಲೆಕ್ಕ. 'ನಾಳೆ ನೋಡೋಣ' ಎನ್ನುವ ಹಾಗಿಲ್ಲ. ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದರೆ ಸೂಜಿಗೆ ಮುಂಚೆಯೇ ಡಾಕ್ಟರಿಗೆ ಹೇಳಬೇಕು.

ಕರುಳಿನ ಕ್ಯಾನ್ಸರಿನಿಂದ ಕಣ್ಣಿಗೆ

ಬಿಲ್ಲು ಕೈಗೆ ಬಂದಾಗ ನನ್ನೊಳಗಿನ ಆಡಿಟರ್ ಎಚ್ಚೆತ್ತ. ಅದೇ ಕಾಯಿಲೆ, ಅದೇ ಒಂದು ಹನಿ. ಆದರೆ ಯಾವ ಔಷಧ ಎಂಬುದರ ಮೇಲೆ ಒಂದು ಸೂಜಿಗೆ ಕೆಲವು ಸಾವಿರದಿಂದ ಐವತ್ತು ಸಾವಿರದ ಆಸುಪಾಸಿನವರೆಗೆ ಬೆಲೆ. ಏಕೆ ಹೀಗೆ ಎಂದು ಹುಡುಕುತ್ತಾ ಹೋದೆ. ಸಿಕ್ಕಿದ್ದು ಒಂದು ಸ್ವಾರಸ್ಯದ ಕಥೆ.

ಗಡ್ಡೆಗಳು ಬೆಳೆಯಲು ಹೊಸ ರಕ್ತನಾಳ ಬೇಕು, ಅದನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದು ಎಂದು ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲೇ ಹೇಳಿದ್ದರು. 1989ರಲ್ಲಿ ಜೆನೆಂಟೆಕ್ ಕಂಪನಿಯ ವಿಜ್ಞಾನಿ ನೆಪೋಲಿಯೋನ್ ಫೆರಾರಾ ವಿಇಜಿಎಫ್ ಪ್ರೋಟೀನನ್ನು ಬೇರ್ಪಡಿಸಿ ಗುರುತಿಸಿದರು. ಅದನ್ನು ಕಟ್ಟಿಹಾಕುವ ಬೆವಾಸಿಜುಮಾಬ್ ಎಂಬ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅವಾಸ್ಟಿನ್ ಎಂಬ ಹೆಸರಿನ ಅದು ಬಂದದ್ದು ದೊಡ್ಡ ಕರುಳಿನ ಕ್ಯಾನ್ಸರಿಗೆ. ಅದೇ ಕಂಪನಿ ಕಣ್ಣಿಗೆಂದೇ ರಾನಿಬಿಜುಮಾಬ್ ಎಂಬ ಇನ್ನೊಂದು ಔಷಧ ತಯಾರಿಸುತ್ತಿತ್ತು. ಅದು ಮಾರುಕಟ್ಟೆಗೆ ಬರುವ ಮುಂಚೆಯೇ, 2005ರಲ್ಲಿ ಮಯಾಮಿಯ ರೆಟಿನಾ ತಜ್ಞ ಫಿಲಿಪ್ ರೋಸನ್‌ಫೆಲ್ಡ್ ಕ್ಯಾನ್ಸರ್ ಔಷಧದ ಒಂದು ಹನಿಯನ್ನು ರೋಗಿಯ ಕಣ್ಣಿಗೆ ಚುಚ್ಚಿ ನೋಡಿದರು. ಊತ ಇಳಿಯಿತು.

ಇಲ್ಲಿದೆ ಲೆಕ್ಕ. ಕ್ಯಾನ್ಸರಿಗೆಂದು ಬರುವ 4 ಎಂಎಲ್‌ನ ಒಂದು ಸೀಸೆಯಲ್ಲಿ ಹತ್ತಾರು ಕಣ್ಣುಗಳಿಗೆ ಬೇಕಾಗುವಷ್ಟು ಔಷಧವಿದೆ. ಹಂಚಿಕೊಂಡರೆ ತಲಾ ಖರ್ಚು ತೀರಾ ಕಡಿಮೆ. 2006ರಲ್ಲಿ ರಾನಿಬಿಜುಮಾಬ್ ದುಬಾರಿ ಬೆಲೆಯಲ್ಲಿ ಬಂದಾಗ ಪ್ರಪಂಚದ ಕಣ್ಣಿನ ಡಾಕ್ಟರುಗಳು ಎರಡರ ನಡುವೆ ತೂಗಾಡಿದರು. ಕೊನೆಗೆ ಅಮೆರಿಕದ ಸರ್ಕಾರಿ ಸಂಸ್ಥೆಯ ಹಣದಲ್ಲಿ ಸುಮಾರು 1,200 ರೋಗಿಗಳ ಮೇಲೆ ನಡೆದ ಹೋಲಿಕೆಯ ಫಲಿತಾಂಶ 2011ರಲ್ಲಿ ಬಂತು: ವಯಸ್ಸಿನ ಮ್ಯಾಕುಲಾ ಸವೆತದಲ್ಲಿ ಒಂದು ವರ್ಷದ ಕೊನೆಗೆ ಎರಡೂ ಔಷಧಗಳಿಂದ ದೃಷ್ಟಿಗೆ ಸಿಕ್ಕ ಲಾಭ ಸಮಸಮ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಬೆವಾಸಿಜುಮಾಬನ್ನು ಕಣ್ಣಿನ ಬಳಕೆಗೆ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಹಾಗೆಂದು ಎಲ್ಲರಿಗೂ ಅಗ್ಗದ್ದೇ ಸಾಕು ಎಂದಲ್ಲ. ಸಕ್ಕರೆ ಕಾಯಿಲೆಯ ಊತದ ಮೇಲೆ ಮೂರು ಔಷಧಗಳನ್ನು ಹೋಲಿಸಿದ 2015ರ ಅಧ್ಯಯನದಲ್ಲಿ, ಶುರುವಿನಲ್ಲಿ ದೃಷ್ಟಿ ಅಷ್ಟೇನೂ ಕೆಟ್ಟಿರದವರಿಗೆ ಮೂರೂ ಒಂದೇ ಎಂದಾಯಿತು. ಆದರೆ ದೃಷ್ಟಿ ಹೆಚ್ಚು ಕೆಟ್ಟವರಿಗೆ ಮೊದಲ ವರ್ಷದಲ್ಲಿ ಅಫ್ಲಿಬರ್ಸೆಪ್ಟ್ ಎಂಬುದು ಹೆಚ್ಚು ಗುಣ ಕೊಟ್ಟಿತು. ಅಂದರೆ, ಬೇಗ ಹೋದವನಿಗೆ ಅಗ್ಗದಲ್ಲೂ ಕೆಲಸವಾಗುತ್ತದೆ.

ಭಾರತಕ್ಕೆ ಬಂದರೆ, ಅಹಮದಾಬಾದಿನ ಇಂಟಾಸ್ ಕಂಪನಿ 2015ರಲ್ಲಿ ರಾನಿಬಿಜುಮಾಬಿನ ತದ್ರೂಪ ಔಷಧವನ್ನು ರಜುಮಾಬ್ ಹೆಸರಿನಲ್ಲಿ ತಂದಿತು. ಈ ಬಗೆಯದು ಜಗತ್ತಿನಲ್ಲೇ ಮೊದಲನೆಯದು. ಬೆಲೆ ಇಳಿಯಿತು. ಅದರ ಮರುವರ್ಷವೇ, 2016ರ ಆರಂಭದಲ್ಲಿ, ಗುಜರಾತಿನಲ್ಲಿ ಬೆವಾಸಿಜುಮಾಬ್ ಚುಚ್ಚಿಸಿಕೊಂಡ ಕೆಲವರ ಕಣ್ಣಿಗೆ ತೊಂದರೆಯಾಯಿತು. ಕೇಂದ್ರದ ಔಷಧ ನಿಯಂತ್ರಕರು ಕಣ್ಣಿಗೆ ಅದನ್ನು ಬಳಸುವುದರ ವಿರುದ್ಧ ಎಚ್ಚರಿಕೆ ಹೊರಡಿಸಿದರು. ಬಡ ರೋಗಿಗಳಿಗೆ ಬೇರೆ ದಾರಿಯಿಲ್ಲ ಎಂದು ನೇತ್ರತಜ್ಞರ ಸಂಘಟನೆಗಳು ವಾದಿಸಿದವು. ಕೆಲವೇ ತಿಂಗಳಲ್ಲಿ ಎಚ್ಚರಿಕೆ ಹಿಂದಕ್ಕೆ ಹೋಯಿತು. ಒಂದು ಸೀಸೆಯನ್ನು ಹಲವರಿಗೆ ಹಂಚುವಾಗ ಶುಚಿತ್ವ ಕೆಟ್ಟರೆ ಅಪಾಯ. ಅಸಲಿ ಸೀಸೆಯೋ ನಕಲಿಯೋ ಎಂಬುದೂ ಮುಖ್ಯ. ಹಾಗಾಗಿ ರೋಗಿಯ ಕಡೆಯವರು ಸಂಕೋಚಪಡದೆ ಕೇಳಬೇಕಾದ ಪ್ರಶ್ನೆಗಳು ಮೂರು: ಯಾವ ಔಷಧ? ಸೀಸೆಯಿಂದ ಹಂಚಿದ್ದಾದರೆ ಎಲ್ಲಿ, ಹೇಗೆ ಹಂಚುತ್ತೀರಿ? ಬ್ಯಾಚ್ ನಂಬರು ನನ್ನ ಕಾಗದದಲ್ಲಿ ಬರೆಯುತ್ತೀರಾ? ಒಳ್ಳೆಯ ಡಾಕ್ಟರು ಇದಕ್ಕೆ ಸಿಟ್ಟಾಗುವುದಿಲ್ಲ.

ಲೋಕಲ್ ನಿಂತ ದಿನಗಳು

ಮಾವನ ಬಲಗಣ್ಣಿಗೆ 2019ರ ಡಿಸೆಂಬರಿನಲ್ಲಿ ಒಂದು, ಜನವರಿಯಲ್ಲಿ ಒಂದು, ಫೆಬ್ರವರಿಯಲ್ಲಿ ಒಂದು ಸೂಜಿ ಆಯಿತು. ಮೂರನೆಯದರ ಮೇಲೆ ಪೇಪರಿನ ಸಾಲು ನೇರವಾಯಿತು. ಗಲ್ಲಾಕ್ಕೆ ವಾಪಸಾದರು. 'ಇನ್ನೂ ಎರಡು ಸೂಜಿ, ಆಮೇಲೆ ಲೇಸರ್ ಬೇಕಾಗಬಹುದು, ನೋಡೋಣ' ಎಂದಿದ್ದರು ಡಾಕ್ಟರು. ನಾಲ್ಕನೆಯದು ಮಾರ್ಚ್ ಕೊನೆಯ ವಾರಕ್ಕೆ ನಿಗದಿಯಾಗಿತ್ತು.

2020ರ ಮಾರ್ಚ್ 23ಕ್ಕೆ ಮುಂಬೈಯ ಲೋಕಲ್ ರೈಲುಗಳು ನಿಂತವು. ಎರಡು ದಿನದ ಮೇಲೆ ದೇಶವೇ ನಿಂತಿತು. ಜೂನ್ ನಡುವಿನಲ್ಲಿ ಲೋಕಲ್ ಮತ್ತೆ ಹೊರಟರೂ ಅಗತ್ಯ ಸೇವೆಯವರಿಗೆ ಮಾತ್ರ. ನಮ್ಮಂಥವರಿಗೆ ಬಾಗಿಲು ತೆರೆದದ್ದು 2021ರ ಫೆಬ್ರವರಿ 1ಕ್ಕೆ. ಡೊಂಬಿವಲಿಯಿಂದ ಆಸ್ಪತ್ರೆಗೆ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ.

ಇಲ್ಲಿ ನಾನು ರೈಲಿನ ಮೇಲೆ ತಪ್ಪು ಹೊರಿಸಿ ಪಾರಾಗಬಹುದು. ಆದರೆ ಥಾಣೆಯಲ್ಲಿ ನನ್ನ ಮನೆಯ ಕೆಳಗೆ ಕಾರು ನಿಂತಿತ್ತು. ಆಸ್ಪತ್ರೆಗೆ ಹೋಗುವವರಿಗೆ ರಸ್ತೆ ಮುಚ್ಚಿರಲಿಲ್ಲ. ಮೇ ತಿಂಗಳಲ್ಲಿ ಆಸ್ಪತ್ರೆಯಿಂದಲೇ ಫೋನು ಬಂತು, 'ಸೂಜಿಗೆ ಬನ್ನಿ, ನಿಲ್ಲಿಸಬೇಡಿ' ಎಂದು. ಮಾವ ಹೇಳಿದರು, 'ಈಗ ಸರಿ ಕಾಣುತ್ತದಲ್ಲ ಮಗಾ. ಆಸ್ಪತ್ರೆಗೆ ಹೋಗಿ ಆ ರೋಗ ಹಿಡಿಸಿಕೊಳ್ಳುವುದು ಯಾಕೆ? ಎಲ್ಲ ಮುಗಿಯಲಿ.' ಅರವತ್ತಾರು ವಯಸ್ಸು, ಸಕ್ಕರೆ ಕಾಯಿಲೆ, ಹೆದರಿಕೆ ಸುಳ್ಳಲ್ಲ. ನನಗೂ ಹೆದರಿಕೆಯಿತ್ತು. ನಾನು ಜೋರು ಮಾಡಲಿಲ್ಲ. ಕಣ್ಣು ಚೆನ್ನಾಗಿದೆ ಎಂದು ಅವರು ಹೇಳಿದ್ದನ್ನು ನಂಬುವುದು ನನಗೂ ಅನುಕೂಲವಾಗಿತ್ತು.

ನಮಗೆ ಅರ್ಥವಾಗದೆ ಇದ್ದದ್ದು ಇದು: ಔಷಧ ಕಣ್ಣೊಳಗೆ ಕೆಲಸ ಮಾಡುವುದು ಒಂದೆರಡು ತಿಂಗಳು. ಅದು ಗೋಡೆಯ ತೇವವನ್ನು ಒಣಗಿಸುತ್ತದೆ, ಪೈಪನ್ನು ಹೊಸದು ಮಾಡುವುದಿಲ್ಲ. ಔಷಧ ಇಳಿದ ಮೇಲೆ ಪ್ರೋಟೀನು ಮತ್ತೆ ಏರುತ್ತದೆ. ಹೊಸ ನಾಳ ಬೆಳೆಯುವ ಹಂತದಲ್ಲಿರುವವರು ಲೇಸರ್ ಮಾಡಿಸದೆ ಸೂಜಿಯನ್ನಷ್ಟೇ ನೆಚ್ಚಿಕೊಂಡು, ಅದನ್ನೂ ಅರ್ಧಕ್ಕೆ ಬಿಟ್ಟರೆ ಹೆಚ್ಚು ಕೆಡುಕು.

ಆ ವರ್ಷದ ಅಕ್ಟೋಬರಿನ ಒಂದು ಬೆಳಿಗ್ಗೆ ಮಾವನ ಬಲಗಣ್ಣ ಮುಂದೆ ಕಪ್ಪು ನೂಲುಗಳು ತೇಲಿದವು. ಮಧ್ಯಾಹ್ನದ ಹೊತ್ತಿಗೆ ಪರದೆ ಇಳಿದಂತಾಯಿತು. ಆಗ ಯಾರೂ ಯಾರನ್ನೂ ಕೇಳಲಿಲ್ಲ, ಕಾರು ಹೊರಟಿತು. ಹೊಸ ನಾಳ ಒಡೆದು ಕಣ್ಣೊಳಗಿನ ಲೋಳೆಯಲ್ಲಿ ರಕ್ತ ತುಂಬಿತ್ತು. ಆಪರೇಷನ್ ಆಯಿತು. ರಕ್ತ ತೆಗೆದರು, ಲೇಸರ್ ಮಾಡಿದರು. ಆದರೆ ತಿಂಗಳುಗಟ್ಟಲೆ ನೀರು ನಿಂತ ಮ್ಯಾಕುಲಾ ಒಣಗಿದ ಮೇಲೂ ಕೆಲಸಕ್ಕೆ ಬರಲಿಲ್ಲ. ಇಂದು ಮಾವನಿಗೆ ಬಲಗಣ್ಣಲ್ಲಿ ಮನುಷ್ಯನ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ.

'ತಪ್ಪು ನನ್ನದೇ' ಎಂದರು ಮಾವ. ಅರ್ಧ ನನ್ನದು ಎಂದು ಹೇಳಬೇಕಿತ್ತು, ಬಾಯಿ ಬರಲಿಲ್ಲ.

ಅದೇ ಹೊತ್ತಿಗೆ ಎಡಗಣ್ಣಿನ ಒಸಿಟಿಯಲ್ಲೂ ದಿಬ್ಬ ಏಳಲು ಶುರುವಾಗಿತ್ತು. ಈ ಸಲ ನಾನು ಡೈರಿಯಲ್ಲಿ ಬರೆದೆ. ಜಿಎಸ್‌ಟಿ ರಿಟರ್ನ್ಸ್ ತಾರೀಖಿನ ಪಕ್ಕದಲ್ಲೇ ಮಾವನ ಸೂಜಿಯ ತಾರೀಖು. ಎರಡು ವರ್ಷದಲ್ಲಿ ಒಂಬತ್ತು ಸೂಜಿ, ಎರಡು ಸಲ ಲೇಸರ್. ಮೊದಲು ತಿಂಗಳಿಗೊಂದು, ಆಮೇಲೆ ಎರಡು ತಿಂಗಳಿಗೆ, ಆಮೇಲೆ ನಾಲ್ಕು ತಿಂಗಳಿಗೆ. ಈಗ ಸೂಜಿಯಿಲ್ಲ, ತಪಾಸಣೆ ಮಾತ್ರ. ಒಂದೂ ತಪ್ಪಿಸಲಿಲ್ಲ. ಆ ಕಣ್ಣು ಉಳಿಯಿತು.

ಧಾರಾವಿಯಿಂದ ತಾಲ್ಲೂಕಿನವರೆಗೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಮುಂಬೈಯ ಕೊಳೆಗೇರಿಗಳಲ್ಲಿ ವಡಾಲಾದ ಆದಿತ್ಯ ಜ್ಯೋತ್ ಸಂಸ್ಥೆಯವರು, ರೆಟಿನಾ ತಜ್ಞ ಡಾ. ಎಸ್. ನಟರಾಜನ್ ಅವರ ಮುಂದಾಳತ್ವದಲ್ಲಿ, ಮನೆಮನೆಗೆ ಹೋಗಿ ನಲವತ್ತು ದಾಟಿದವರನ್ನು ತಪಾಸಣೆ ಮಾಡಿದ್ದರು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸುಮಾರು ಶೇ 15ರಷ್ಟು ಜನರ ರೆಟಿನಾದಲ್ಲಿ ಅದರ ಗುರುತು ಕಂಡಿತು. ಅಂದರೆ ಆರೇಳು ಜನರಲ್ಲಿ ಒಬ್ಬರಿಗೆ. ಮೊದಮೊದಲು ಇದಕ್ಕೆ ನೋವಿಲ್ಲ, ಕೆಂಪಿಲ್ಲ, ಮಸುಕೂ ಇಲ್ಲ. ಕಾಣಿಸಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ.

ಹುಡುಕಿಕೊಂಡು ಹೋದರೆ ಏನಾಗಬಹುದು ಎಂಬುದಕ್ಕೆ ನಮ್ಮ ಕರ್ನಾಟಕದ್ದೇ ಒಂದು ಉದಾಹರಣೆಯಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ರೆಟಿನಾದಲ್ಲೂ ನಾಳಗಳು ಅಡ್ಡಾದಿಡ್ಡಿ ಬೆಳೆಯಬಹುದು. ಕೆಲವೇ ವಾರಗಳಲ್ಲಿ ಹಿಡಿಯದಿದ್ದರೆ ಮಗು ಕುರುಡಾಗಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಮತ್ತು ತಂಡ 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆ ಶುರುಮಾಡಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆ, ತಾಲ್ಲೂಕುಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ, ಶಿಶುವಿನ ಕಣ್ಣಿನ ಚಿತ್ರ ತೆಗೆಯುತ್ತಾರೆ, ತಜ್ಞರು ಬೆಂಗಳೂರಿನಲ್ಲೇ ಕೂತು ನೋಡಿ ಹೇಳುತ್ತಾರೆ. ಬೇಕಾದ ಮಗುವಿಗೆ ಲೇಸರ್, ಕೆಲವೊಮ್ಮೆ ಇದೇ ಸೂಜಿ. ಡಾ. ಮೋದಿಯವರು ಊರೂರಿಗೆ ಹೋದಂತೆ ಈಗ ಕ್ಯಾಮೆರಾ ಹೋಗುತ್ತಿದೆ.

ವಿಮೆಯ ಮಾತು

ಮಾವನ ಮೊದಲ ಸೂಜಿಯ ಬಿಲ್ಲನ್ನು ವಿಮಾ ಕಂಪನಿಯೊಂದು ವಾಪಸ್ ಕಳಿಸಿತು. ಕಾರಣ: ರೋಗಿ ಆಸ್ಪತ್ರೆಯಲ್ಲಿ 24 ಗಂಟೆ ಇರಲಿಲ್ಲ. ಹತ್ತು ನಿಮಿಷದ ಚಿಕಿತ್ಸೆಗೆ 24 ಗಂಟೆ ಯಾಕೆ ಮಲಗಬೇಕು ಎಂದು ಪತ್ರ ಬರೆದೆ, ಉತ್ತರ ಬರಲಿಲ್ಲ. ನಂತರ ತಿಳಿದದ್ದು, ವಿಮಾ ನಿಯಂತ್ರಣ ಪ್ರಾಧಿಕಾರವು 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೊರಗಿಡಬಾರದ ಹನ್ನೆರಡು ಆಧುನಿಕ ಚಿಕಿತ್ಸೆಗಳನ್ನು ಪಟ್ಟಿ ಮಾಡಿದೆ, ಕಣ್ಣೊಳಗಿನ ಈ ಸೂಜಿ ಅದರಲ್ಲಿ ಒಂದು. 2020ರ ಅಕ್ಟೋಬರಿನಿಂದ ಅದು ಹಳೆಯ ಪಾಲಿಸಿಗಳಿಗೂ ಅನ್ವಯ. ಎಡಗಣ್ಣಿನ ಸೂಜಿಗಳಿಗೆ ಆ ಸಾಲನ್ನು ತೋರಿಸಿಯೇ ಹಣ ಪಡೆದೆವು, ಪೂರ್ತಿ ಅಲ್ಲದಿದ್ದರೂ.

ಪೂರ್ತಿ ಅಲ್ಲ ಏಕೆಂದರೆ ಕಂಪನಿಗಳು ಈ ಚಿಕಿತ್ಸೆಗಳಿಗೆ ಮಿತಿ ಹಾಕಬಹುದು. ನಿಮ್ಮ ಪಾಲಿಸಿಯಲ್ಲಿ 'ಇಂಟ್ರಾವಿಟ್ರಿಯಲ್ ಇಂಜೆಕ್ಷನ್' ಎಂಬ ಪದ ಹುಡುಕಿ, ಎದುರಿಗೆ ಎಷ್ಟು ಮೊತ್ತ ಇದೆ ನೋಡಿ. ಮೊದಲೇ ಇದ್ದ ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ, ಹೇಳಿದರೆ ಕಾಯುವ ಅವಧಿ ಈಗ ಗರಿಷ್ಠ ಮೂರು ವರ್ಷ, ಮುಚ್ಚಿಟ್ಟು ಸಿಕ್ಕಿಬಿದ್ದರೆ ಇಡೀ ಕ್ಲೇಮು ಹೋಗುತ್ತದೆ. ಸೂಜಿಗೆ ಮುಂಚಿನ ಒಸಿಟಿ ಚಿತ್ರ, ಡಾಕ್ಟರರ ಸಲಹೆಯ ಕಾಗದ, ಔಷಧದ ಸ್ಟಿಕ್ಕರು, ಡೇಕೇರ್ ಡಿಸ್ಚಾರ್ಜ್ ಕಾಗದ, ಈ ನಾಲ್ಕೂ ಜೊತೆಗಿರಲಿ.

ಊರಲ್ಲಿರುವವರಿಗೆ ಒಂದು ಫೋನು

ನಮ್ಮಲ್ಲಿ ಅನೇಕರ ತಂದೆತಾಯಿ ಊರಲ್ಲಿದ್ದಾರೆ. ವಿಡಿಯೊ ಕಾಲ್‌ನಲ್ಲಿ 'ಶುಗರ್ ಎಷ್ಟಿದೆ?' ಎಂದು ಕೇಳುತ್ತೇವೆ, 'ಕಣ್ಣಿನ ಹಿಂಭಾಗ ಯಾವಾಗ ನೋಡಿಸಿದಿರಿ?' ಎಂದು ಕೇಳುವುದಿಲ್ಲ. ವಯಸ್ಕರಲ್ಲಿ ಸಾಮಾನ್ಯವಾಗಿ ಬರುವ ಸಕ್ಕರೆ ಕಾಯಿಲೆ ಗೊತ್ತಾದ ವರ್ಷವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಪಾಪೆ ಹಿಗ್ಗಿಸಿ ರೆಟಿನಾ ತೋರಿಸಬೇಕು. ಕನ್ನಡಕದ ಅಂಗಡಿಯ ನಂಬರ್ ತಪಾಸಣೆ ಇದಕ್ಕೆ ಸಾಲದು. ಮೊದಲೇ ಸಕ್ಕರೆ ಕಾಯಿಲೆ ಇರುವ ಹೆಂಗಸರು ಗರ್ಭಿಣಿಯಾದರೆ ಇನ್ನೂ ಹೆಚ್ಚು ಎಚ್ಚರ. ಸಕ್ಕರೆ, ರಕ್ತದೊತ್ತಡ, ಕೊಬ್ಬು ಹತೋಟಿಯಲ್ಲಿಲ್ಲದೆ ಎಷ್ಟು ಸೂಜಿ ಹಾಕಿಸಿದರೂ ತೂತಿನ ಕೊಡಕ್ಕೆ ನೀರು ಹೊಯ್ದಂತೆ.

ಚಿಕಿತ್ಸೆಯ ನಡುವೆ ಊರಿಗೆ ಹೋಗಬೇಕಾಗಿ ಬಂದರೆ ಸೂಜಿ ತಪ್ಪಿಸಬೇಡಿ, ಒಸಿಟಿ ಚಿತ್ರಗಳನ್ನೂ ಔಷಧದ ವಿವರವನ್ನೂ ಫೈಲಿನಲ್ಲಿ ಕೊಂಡೊಯ್ಯಿರಿ. ಮಣಿಪಾಲದ ಕಸ್ತೂರಬಾ ಆಸ್ಪತ್ರೆ, ಹುಬ್ಬಳ್ಳಿಯ ಎಂ.ಎಂ. ಜೋಶಿ ನೇತ್ರ ಸಂಸ್ಥೆ, ಬೆಂಗಳೂರಿನ ಸರ್ಕಾರಿ ಮಿಂಟೋ ಆಸ್ಪತ್ರೆ, ಹೀಗೆ ರೆಟಿನಾ ವಿಭಾಗ ಇರುವ ಜಾಗಗಳು ನಮ್ಮಲ್ಲಿ ಇವೆ. ಮುಂಬೈಯಲ್ಲಿ ದುಡ್ಡಿನ ಚಿಂತೆ ಇರುವವರಿಗೆ ಜೆ.ಜೆ., ಕೆ.ಇ.ಎಂ.ನಂಥ ಸಾರ್ವಜನಿಕ ಆಸ್ಪತ್ರೆಗಳ ಕಣ್ಣಿನ ವಿಭಾಗಗಳಿವೆ. ಸಾಲು ಉದ್ದ, ಆದರೆ ಸಾಲಿನಲ್ಲಿ ನಿಂತ ಕಣ್ಣು ಮನೆಯಲ್ಲಿ ಕೂತ ಕಣ್ಣಿಗಿಂತ ಮೇಲು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಮಾವ ಈಗ ಎಲ್ಲರಿಗೂ ಕಲಿಸುತ್ತಾರೆ. ಬಾಗಿಲ ಚೌಕಟ್ಟನ್ನೋ ಗೋಡೆಯ ಟೈಲ್ಸನ್ನೋ ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದು ಮುಚ್ಚಿ ನೋಡಿ. ಗೆರೆ ಎಲ್ಲಾದರೂ ಬಾಗಿದರೆ, ನಡುವೆ ಮಸುಕಾದರೆ, ಮರುದಿನವೇ ಡಾಕ್ಟರು. ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟದ್ದರ ತಪ್ಪನ್ನು ಮುಚ್ಚಿಹಾಕುತ್ತದೆ. ಆದರೆ ಗೆರೆ ನೇರವಿದೆ ಎಂದು ವರ್ಷದ ತಪಾಸಣೆ ಬಿಡುವಂತಿಲ್ಲ.

ನನಗೂ ಸಕ್ಕರೆ ಕಾಯಿಲೆ ಗೊತ್ತಾಗಿ ಈಗ ಮೂರು ವರ್ಷ. ಕಳೆದ ತಿಂಗಳು ತಪಾಸಣೆಗೆ ಹೋಗುವಾಗ ಮಾವ ತಾವೂ ಬರುತ್ತೇನೆಂದು ಹೊರಟರು. ಥಾಣೆಯಲ್ಲಿ ನಾನು ಅದೇ ಲೋಕಲ್ ಹತ್ತಿದೆ. ಕಾಯುವ ಕೋಣೆಯಲ್ಲಿ ಪಾಪೆ ಹಿಗ್ಗಿ ನನಗೆ ಫೋನು ಓದಲು ಆಗುತ್ತಿರಲಿಲ್ಲ. ಮಾವ ತಮ್ಮ ಫೋನಿನಲ್ಲಿ ಇ-ಪೇಪರ್ ತೆರೆದು, ಅಕ್ಷರ ದೊಡ್ಡದು ಮಾಡಿ, ಉಳಿದ ಒಂದು ಕಣ್ಣಲ್ಲಿ ಊರಿನ ಸುದ್ದಿ ನನಗೆ ಓದಿ ಹೇಳಿದರು. ಸೌಕೂರು ಮೇಳದ ಆಟ, ಕೊಲ್ಲೂರು ರಸ್ತೆಯ ಹೊಂಡ, ಅಡಿಕೆ ಧಾರಣೆ. ನನ್ನ ಹೆಸರು ಕೂಗಿದಾಗ ಪೇಪರಿನಿಂದ ತಲೆ ಎತ್ತದೆಯೇ ಹೇಳಿದರು:

'ಹೋಗು. ಡಾಕ್ಟರು ಸೂಜಿ ಹೇಳಿದರೆ ತಾರೀಖು ಕೇಳಿಕೊಂಡೇ ಬಾ. ಈ ಸರ್ತಿ ಡೈರಿ ನಾನು ಬರೆಯುತ್ತೇನೆ.'